ಶೇಷವೂ ದಾನವೂ

ಅಥರ್ವವೇದದ ಉಚ್ಛಿಷ್ಟಸೂಕ್ತವು ಯಜ್ಞದಲ್ಲಿ ಮಿಕ್ಕುಳಿದುದನ್ನೇ ನಾಮರೂಪಗಳಿಗೂ ಸಮಸ್ತ ಲೋಕಗಳಿಗೂ ಆಧಾರವೆಂದು ಸ್ತುತಿಸುತ್ತದೆ. ಕಠೋಪನಿಷತ್ತಿನಲ್ಲಾದರೋ, ಹಾಲು ಬತ್ತಿ ಬಾಳು ಮುಗಿಯುತ್ತ ಬಂದ ಗೋವುಗಳನ್ನು ತಂದೆಯು ದಕ್ಷಿಣೆಯಾಗಿ ಕೊಡುವುದನ್ನು ಕಂಡು, ಇಂತಹ ದಾನಿಗೆ ಆನಂದವಿಲ್ಲದ ಲೋಕವೇ ಗತಿಯೆಂದು ಬಾಲಕ ನಚಿಕೇತನು ಕಳವಳಗೊಳ್ಳುತ್ತಾನೆ. ಅಲ್ಲಿ ಶೇಷವು ಪೂಜ್ಯ. ಇಲ್ಲಿ ಶೇಷದ ದಾನವು ದೋಷ. ಈ ಎರಡು ಅಭಿಪ್ರಾಯಗಳನ್ನು ಹೊಂದಿಸಿಕೊಳ್ಳುವುದೆಂತು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಒಂದು ಕಸುಬಿನ ಶೇಷವು ಮತ್ತೊಂದಕ್ಕೆ ಒದಗುವುದು ವಾಡಿಕೆಯ ಸಂಗತಿ. ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿದ ಪ್ಯೂಪಾ ಕೋಳಿಯ ಮೇವಿಗೆ ಸೇರುತ್ತದೆ. ಭತ್ತದ ಹೊಟ್ಟೂ ಕಡಲೆಕಾಯಿ ಸಿಪ್ಪೆಯೂ, ಬಡಗಿಯ ಉಜ್ಜುಗೊರಡಿನಿಂದ ಸುರುಳಿಸುರುಳಿಯಾಗಿ ಬಿದ್ದ ಮರದ ಹೊಟ್ಟೂ ಕೋಳಿಯ ಕಾಲಡಿಯ ಹಾಸಾಗುತ್ತವೆ. ಆದರೆ ಬಡಗಿಯ ಅಂಗಳದಲ್ಲಿ ಬಿದ್ದುದೆಲ್ಲವೂ ಹಾಸಾಗಲಾರದು. ಗೆದ್ದಲು ಹತ್ತದಂತೆ ವಿಷಮದ್ದು ಕುಡಿಸಿದ ಮರದ ಹೊಟ್ಟು ಕೋಳಿಗೂ ವಿಷವೇ. ಗರಗಸದ ನುಣ್ಣನೆಯ ಧೂಳು ಮರಿಯ ಉಸಿರನ್ನು ಕೆಡಿಸುವುದು. ಒದ್ದೆಯಾದ ಹಾಸಿನಿಂದ ಅಮೋನಿಯಾ ಎದ್ದು ಕಣ್ಣುಗಳನ್ನು ಉರಿಸುವುದಲ್ಲದೆ, ರಕ್ತಭೇದಿಯ ರೋಗಾಣುಗಳೂ ಅಲ್ಲಿಯೇ ವೃದ್ಧಿಯಾಗುವುವು.

ಆದುದರಿಂದ ಬಲ್ಲ ರೈತನು ಮರಿ ಬರುವುದಕ್ಕೆ ಮೊದಲು ನೆಲಕ್ಕೆ ಸುಣ್ಣ ಬಳಿದು, ಎರಡು ಮೂರು ಅಂಗುಲ ಒಣಹೊಟ್ಟು ಹರಡಿ, ಎಳೆಯ ಮರಿಗಳು ಅದನ್ನೇ ಕಾಳೆಂದು ಕುಕ್ಕಿ ನುಂಗದಂತೆ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಮುಸುಕಿನ ಜೋಳದ ನುಚ್ಚು ಚೆಲ್ಲುತ್ತಾನೆ. ಮುಂದಿನ ದಿನಗಳಲ್ಲಿ ಹಾಸನ್ನು ಕೆದರಿ ಮಗುಚುತ್ತ, ಆಗಾಗ ಒಂದು ಹಿಡಿ ಎತ್ತಿ ಹಿಸುಕಿ ನೋಡುತ್ತಾನೆ. ಅಂಗೈ ಬಿಚ್ಚಿದೊಡನೆ ಉದುರಿದರೆ ಸರಿ. ಉಂಡೆಗಟ್ಟಿ ನಿಂತರೆ ತೇವ ಮಿತಿಮೀರಿತೆಂದೇ ಅರ್ಥ. ಕೊಡುವವನಿಗೆ ಅದು ಬೇಡವಾಗಿತ್ತೆಂಬುದನ್ನು ಈ ಪರೀಕ್ಷೆಯು ಕೇಳುವುದೇ ಇಲ್ಲ. ಪಡೆಯುವ ಜೀವಕ್ಕೆ ಅದು ಹಿತವೇ ಎಂಬುದೊಂದೇ ಅದರ ಪ್ರಶ್ನೆ.

ನಚಿಕೇತನ ತಂದೆ ಕೇಳದೆ ಬಿಟ್ಟ ಪ್ರಶ್ನೆ ಇದೇ. ಮಿಕ್ಕುದನ್ನು ಕೊಟ್ಟುದು ಆತನ ದೋಷವಲ್ಲ; ತನ್ನ ಕೊಟ್ಟಿಗೆಯ ಭಾರವನ್ನು ಇಳಿಸಿಕೊಂಡು ಅದಕ್ಕೆ ದಾನವೆಂದು ಹೆಸರಿಟ್ಟುದು ದೋಷ.

ಮಾಂಸಕ್ಕಾಗಿ ಸಾಕಿದ ಕೋಳಿ ಹೇಗೂ ಸುಮಾರು ಆರು ವಾರಗಳಲ್ಲಿ ಕತ್ತಿಗೆ ಬೀಳುವುದಲ್ಲವೆ, ಅದಕ್ಕೇಕೆ ಇಷ್ಟು ಉಪಚಾರವೆಂದು ಆಕ್ಷೇಪಿಸುವವರುಂಟು. ಆಕ್ಷೇಪವು ಲಘುವಾದುದಲ್ಲ, ಕೊಲ್ಲುವುದು ಧರ್ಮವೇ ಎಂಬ ಪ್ರಶ್ನೆಯನ್ನು ಮೆತ್ತನೆಯ ಹಾಸು ಪರಿಹರಿಸದು. ಆದರೆ ಅಂತ್ಯವು ನಿಶ್ಚಿತವೆಂಬ ಕಾರಣದಿಂದ ನಡುವಣ ದಿನಗಳ ನೋವು ನೋವಲ್ಲದೆ ಹೋಗುವುದಿಲ್ಲ. ಅಂತ್ಯವು ನಮ್ಮ ಕೈಯಲ್ಲೇ ಇರುವಾಗ ಆ ದಿನಗಳ ಹೊಣೆ ನಮ್ಮ ಮೇಲೆ ಇಮ್ಮಡಿಯಾಗುವುದು.

ಕಡೆಗೆ ಆ ಹಾಸು ಕೋಳಿಗೊಬ್ಬರವಾಗಿ ದ್ರಾಕ್ಷಿತೋಟದ ಬುಡವನ್ನು ಸೇರುತ್ತದೆ. ಸೂಕ್ತವು ಶೇಷವನ್ನು ಆಧಾರವೆಂದು ಕರೆದುದರ ಸತ್ಯವು ಇಲ್ಲಿ ಪ್ರತ್ಯಕ್ಷ. ಆದರೆ ಶೇಷಕ್ಕೆ ಈ ಮಹಿಮೆ ತಾನಾಗಿ ಬಾರದು. ವಿವೇಕದಿಂದ ಆರಿಸಿ ಕೊಟ್ಟಾಗಲಷ್ಟೇ ಬರುವುದು. ಮನುಷ್ಯನಾದರೆ ಕೆಟ್ಟ ದಾನವನ್ನು ಹಿಂದಿರುಗಿಸಿಯಾನು. ಕೋಳಿಗೆ ಆ ಸ್ವಾತಂತ್ರ್ಯವಿಲ್ಲ. ನಿರಾಕರಿಸಲಾರದ ಪ್ರಾಣಿಗೆ ಕೊಡುವಾಗ, ಅದರ ಪರವಾಗಿ ನಿರಾಕರಿಸುವ ಹೊಣೆಯನ್ನೂ ಕೊಡುವವನೇ ಹೊರತಕ್ಕದ್ದು.