ಹಿತ್ತಲಿನ ಹೊರೆಕಾಣಿಕೆ

ಆಗಸ್ಟ್ ಎರಡನೇ ವಾರ. ಶಿಕಾಗೋ ಸುತ್ತಮುತ್ತಲಿನ ಕನ್ನಡ ಮನೆಗಳ ಹಿತ್ತಲಲ್ಲಿ ಆಗ ಬೆಳಿಗ್ಗೆ ಒಂದು ಲೆಕ್ಕ, ಸಂಜೆ ಇನ್ನೊಂದು ಲೆಕ್ಕ. ಮೊನ್ನೆ ಬೆರಳಷ್ಟಿದ್ದ ಹೀರೆಕಾಯಿ ಇವತ್ತು ಮೊಳದುದ್ದ. ಇನ್ನೆರಡು ದಿನ ಬಿಟ್ಟರೆ ನಾರು. ಬೆಂಡೆಯದೂ ಅದೇ ಕತೆ. ಟೊಮೇಟೊ ಬುಟ್ಟಿ ತುಂಬಿ ಮೇಜಿಗೆ ಬಂದಿದೆ, ಬದನೆ ಸಿಂಕಿನ ಪಕ್ಕ ಕೂತಿದೆ, ಬಸಳೆಗೆ ಫ್ರಿಜ್ಜಿನಲ್ಲಿ ಜಾಗವಿಲ್ಲ. ಒಂದು ವಾರ ಹುಳಿ, ಪಲ್ಯ, ಗೊಜ್ಜು ಅಂತ ಮಾಡಿ ಉಂಡ ಮೇಲೆ ಮನೆಯವರು ಖಾಲಿ ಚೀಲಗಳನ್ನು ಹುಡುಕತೊಡಗುತ್ತಾರೆ. ಆಮೇಲೆ ಒಂದು ಫೋನು: "ಮನೇಲಿದ್ದೀರಾ? ಐದು ನಿಮಿಷ ಬಂದು ಹೋಗ್ತೀವಿ."

ಆ ಐದು ನಿಮಿಷ ಎಂದೂ ಐದೇ ನಿಮಿಷವಾಗಿರುವುದಿಲ್ಲ. ಬೆಂಡೆಕಾಯಿ ಕೊಡಲು ಬಂದವರು ಕಾಫಿ ಕುಡಿದು, ಹೊರಟು ನಿಂತು, ಬಾಗಿಲ ಬಳಿ ಮತ್ತೆ ಅರ್ಧ ಗಂಟೆ ಮಾತಾಡಿ ಹೋಗುತ್ತಾರೆ. ಎರಡು ವಾರ ಮೊದಲೇ ದಿನ ಗೊತ್ತುಮಾಡಿಕೊಂಡು ಒಬ್ಬರ ಮನೆಗೆ ಒಬ್ಬರು ಹೋಗುವ ದೇಶದಲ್ಲಿ, ಹೀಗೆ ಸುಮ್ಮನೆ ಬಾಗಿಲು ತಟ್ಟಲು ಸಲಿಗೆ ಕೊಡುವುದು ಆ ತರಕಾರಿ ಚೀಲ. ತರಕಾರಿ ಕಾಯುವುದಿಲ್ಲವಲ್ಲ, ಇವತ್ತೇ ಕೊಡಬೇಕು.

ಹೀಗೆ ಎಲ್ಲ ಒಮ್ಮೆಗೇ ರಾಶಿ ಬೀಳಲು ಅಲ್ಲಿನ ಹವೆಯೇ ಕಾರಣ. ಮೇ ತಿಂಗಳ ಎರಡನೇ ಭಾನುವಾರದ ಅಮ್ಮಂದಿರ ದಿನ ಕಳೆಯುವವರೆಗೆ ಟೊಮೇಟೊ ಸಸಿಯನ್ನು ಹೊರಗೆ ನೆಡಬೇಡಿ ಎನ್ನುವುದು ಆ ಭಾಗದ ಹಳಬರ ಮಾತು. ಅಕ್ಟೋಬರಿನಲ್ಲಿ ಇಬ್ಬನಿ ಹೆಪ್ಪುಗಟ್ಟುವ ಮೊದಲ ಫ್ರಾಸ್ಟ್ ಬೀಳುತ್ತದೆ. ನಡುವೆ ಸಿಗುವುದು ಸುಮಾರು ಐದು ತಿಂಗಳು. ಅದರಲ್ಲಿ ಬಳ್ಳಿ ಹಬ್ಬಿ, ಹೂವಾಗಿ, ಕಾಯಿ ಕಚ್ಚುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕಾಲ ಮುಗಿದಿರುತ್ತದೆ. ವರ್ಷವಿಡೀ ದಿನಕ್ಕೆರಡು ಕಾಯಿ ಕೊಡುವ ಊರಿನ ತೊಂಡೆ ಚಪ್ಪರದ ನಿಧಾನ ಅಲ್ಲಿಲ್ಲ. ಏನಿದ್ದರೂ ಎಲ್ಲ ಒಟ್ಟಿಗೆ, ಆರೇಳು ವಾರಗಳಲ್ಲಿ.

ಅಮೆರಿಕನ್ನರಿಗೂ ಇದು ಗೊತ್ತು. ನೆರೆಮನೆಯ ಜಗಲಿಯಲ್ಲಿ ಗುಟ್ಟಾಗಿ ಜುಕಿನಿ ಇಟ್ಟು ಬರುವುದಕ್ಕೆಂದೇ ಅವರಲ್ಲಿ ಒಂದು ದಿನವಿದೆ, ಆಗಸ್ಟ್ 8.

ಕನ್ನಡಿಗರಿಗೆ, ಅದರಲ್ಲೂ ಕರಾವಳಿಯವರಿಗೆ, ಹೀಗೆ ಬೆಳೆದದ್ದನ್ನು ಹಂಚಿಕೊಳ್ಳುವುದಕ್ಕೆ ಹಳೆಯ, ಚಂದದ ಹೆಸರೊಂದಿದೆ: ಹೊರೆಕಾಣಿಕೆ. ದೇವಸ್ಥಾನದ ಜಾತ್ರೆಗೋ ಬ್ರಹ್ಮಕಲಶೋತ್ಸವಕ್ಕೋ ಊರಿನವರು ತಮ್ಮ ತಮ್ಮ ಮನೆಯಲ್ಲಿ ಆದದ್ದನ್ನು ತರುತ್ತಾರೆ. ತೆಂಗಿನಕಾಯಿ, ಅಕ್ಕಿ, ಬಾಳೆಗೊನೆ, ಸೌತೆ, ಕುಂಬಳ. ಎರಡು ವರ್ಷಕ್ಕೊಮ್ಮೆ ನಡೆಯುವ ಉಡುಪಿಯ ಪರ್ಯಾಯಕ್ಕೆ ಬರುವ ಹೊರೆಕಾಣಿಕೆಯ ಮೆರವಣಿಗೆಯನ್ನು ನೋಡಿದವರಿಗೆ ಗೊತ್ತು, ಒಂದೊಂದು ಊರಿನ ಮಣ್ಣು ಏನು ಕೊಡುತ್ತದೆ ಎಂಬುದು ಅಲ್ಲಿ ಸಾಲಾಗಿ ಸಾಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಟ್ಟುಗುಳ್ಳ ಬದನೆಗೆ ಉಡುಪಿಯ ಮಠದ ಅಡುಗೆಮನೆಯಲ್ಲಿ ವಿಶೇಷ ಸ್ಥಾನ. ಒಂದೇ ಮನೆಯಲ್ಲಿ ರಾಶಿ ಬಿದ್ದರೆ ಕೊಳೆಯುವುದು ಎಲ್ಲರ ಊಟವಾಗುವ ಬಗೆ ಅದು. ಕನ್ನಡ ಕೂಟದ ಬೇಸಿಗೆ ಪಿಕ್‌ನಿಕ್ಕಿಗೆ ಕಾರಿನ ಡಿಕ್ಕಿಯಲ್ಲಿ ಸೋರೆಕಾಯಿ, ಮೆಂತ್ಯ, ಹರಿವೆ ಸೊಪ್ಪು ತುಂಬಿಕೊಂಡು ಬರುವವರು ಮಾಡುವುದೂ ಇದನ್ನೇ.

ಚೀಲದಲ್ಲಿ ಬರುವುದು ಕಾಯಿ ಮಾತ್ರವಲ್ಲ. "ನಮ್ಮಲ್ಲಿ ಹೂವೇನೋ ಬಿಡ್ತದೆ, ಕಾಯಿ ಕಚ್ಚೋದಿಲ್ಲ" ಎಂದು ಹೊಸಬರು ಕೇಳಿದರೆ, ಹತ್ತು ವರ್ಷ ಬೆಳೆದವರು ಹಿತ್ತಲಿಗೇ ಕರೆದುಕೊಂಡು ಹೋಗುತ್ತಾರೆ. ಹೀರೆಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ಮೊದಲ ದಿನಗಳಲ್ಲಿ ಬರುವುದು ಹೆಚ್ಚಾಗಿ ಗಂಡು ಹೂವೇ. ಅದೂ ಅರಳುವುದು ಇಳಿಹೊತ್ತಿನಲ್ಲಿ. ಸೋರೆಯ ಬಿಳಿ ಹೂವೂ ಸಂಜೆಯದೇ. ಆ ಹೊತ್ತಿಗೆ ಜೇನ್ನೊಣಗಳು ಗೂಡು ಸೇರಿರುತ್ತವೆ, ಪತಂಗಗಳು ಬಂದರೆ ಬಂದಾವು. ಹಾಗಾಗಿ ಕತ್ತಲಾಗುವ ಮುನ್ನ ಒಂದು ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಓದಿ ತಿಳಿಯುವುದಕ್ಕಿಂತ ಪಕ್ಕದಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು.

ಬಸಳೆಯಷ್ಟು ಸುಲಭವಾಗಿ ಹಂಚಿಹೋಗುವ ಗಿಡ ಇನ್ನೊಂದಿಲ್ಲ. ಅಡುಗೆಗೆಂದು ಕೊಟ್ಟ ದಂಟಿನಲ್ಲೇ ಒಂದು ಗೇಣು ಉಳಿಸಿ ನೀರಿನ ಲೋಟದಲ್ಲಿಟ್ಟರೆ ಬೇರು ಬಿಡುತ್ತದೆ. ಒಂದು ಊರಿನ ಕನ್ನಡ ಮನೆಗಳ ಬಸಳೆಯೆಲ್ಲ ಒಂದೇ ಬಳ್ಳಿಯ ಮಕ್ಕಳಾಗಿದ್ದರೆ ಆಶ್ಚರ್ಯವಿಲ್ಲ.

ಅವರೆಯ ಸಂಗತಿ ಮಾತ್ರ ಹಾಗಲ್ಲ. ಅದಕ್ಕಾಗಿ ಎಷ್ಟು ಮಂದಿ ಹಂಬಲಿಸಿಲ್ಲ! ಡಿಸೆಂಬರ್ ಚಳಿಯಲ್ಲಿ ಬೆಂಗಳೂರು, ಕೋಲಾರ, ಮೈಸೂರಿನ ಬೀದಿಗಳಲ್ಲಿ ರಾಶಿ ಬೀಳುವ ಸೊಗಡಿನ ಕಾಯಿ, ಮನೆಮಂದಿಯೆಲ್ಲ ಸುತ್ತ ಕೂತು ಹಿಸುಕುವ ಹಿತಕಿದಬೇಳೆ, ಇವನ್ನು ನೆನೆದು ಬೀಜ ಹಾಕುತ್ತಾರೆ. ಬಳ್ಳಿ ಬೇಲಿಯುದ್ದಕ್ಕೂ ಹಬ್ಬುತ್ತದೆ, ಎಲೆ ಅಂಗೈ ಅಗಲ, ಹೂವಿನ ಸುಳಿವಿಲ್ಲ. ಕೊನೆಗೆ ಮೊಗ್ಗು ಕಂಡ ವಾರವೇ ಫ್ರಾಸ್ಟ್ ಬಿದ್ದು ಎಲ್ಲ ಕಪ್ಪಾಗುತ್ತದೆ. ತಪ್ಪು ಬೆಳೆದವರದಲ್ಲ. ನಾಟಿ ಅವರೆ ಹೂ ಬಿಡಬೇಕಾದರೆ ಹಗಲು ಕುಗ್ಗಬೇಕು. ಉತ್ತರದ ಅಕ್ಷಾಂಶಗಳಲ್ಲಿ ಬೇಸಿಗೆಯ ಹಗಲು ಹದಿನೈದು ತಾಸು; ಅದು ಸಾಕಷ್ಟು ಕುಗ್ಗುವ ಹೊತ್ತಿಗೆ ಚಳಿ ಬಂದಿರುತ್ತದೆ.

ಇದಕ್ಕೆ ಪರಿಹಾರ ಹುಟ್ಟಿದ್ದು ಬೆಂಗಳೂರಿನಲ್ಲೇ. ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ–3 ಮತ್ತು 4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್ ಮತ್ತು ಅರ್ಕಾ ವಿಜಯ್ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುತ್ತವೆ. ಪೊದೆಯಾಗಿ ಬೆಳೆಯುತ್ತವೆ, ಚಪ್ಪರ ಬೇಡ. ನಾಡಿನ ರೈತರು ವರ್ಷವಿಡೀ ಅವರೆ ಬೆಳೆಯಲೆಂದು ರೂಪಿಸಿದ ತಳಿ, ಕಡಲಾಚೆಯ ಹಿತ್ತಲಿಗೂ ಒದಗುವಂಥದ್ದು. ಆದರೆ ಅದನ್ನು ಸೂಟ್‌ಕೇಸಿನ ಮೂಲೆಯಲ್ಲಿ ಬಚ್ಚಿಟ್ಟು ತರುವಂತಿಲ್ಲ. ಅಮೆರಿಕದ ಕೃಷಿ ಇಲಾಖೆಯಲ್ಲಿ ಸಣ್ಣ ಪ್ರಮಾಣದ ಬೀಜಕ್ಕೆಂದೇ ಪರವಾನಗಿ ಇದೆ: ಪೊಟ್ಟಣವೊಂದಕ್ಕೆ ಹೆಚ್ಚೆಂದರೆ 50 ಬೀಜ ಅಥವಾ 10 ಗ್ರಾಂ. ಅಷ್ಟು ಬೀಜ ಒಂದು ಕೂಟದ ಹತ್ತಾರು ಮನೆಗಳಿಗೆ ಮೊದಲ ವರ್ಷಕ್ಕೆ ಸಾಕು.

ಅವರೆಯನ್ನು ಅಮೆರಿಕನ್ನರು ಹೂವಿನ ಬಳ್ಳಿಯಾಗಿ ಬಲ್ಲರು. ಥಾಮಸ್ ಜೆಫರ್ಸನ್ ಬಾಳಿದ ಮಾಂಟಿಚೆಲ್ಲೋದ ತೋಟದ ಕಮಾನಿನ ಮೇಲೆ ಇಂದು ನೇರಳೆ ಅವರೆ ಹಬ್ಬಿದೆ. ಅದರ ಎಳೆಗಾಯಿಯನ್ನು ತಿನ್ನಬಹುದು ಎಂದರೆ ನೆರೆಮನೆಯವರು ಹುಬ್ಬೇರಿಸುತ್ತಾರೆ. ಕೊಡುವಾಗ ಅಡುಗೆಯನ್ನೂ ಹೇಳಿಕೊಡಬೇಕು, ಏಕೆಂದರೆ ಬಲಿತು ಒಣಗಿದ ಅವರೆಕಾಳನ್ನು ಚೆನ್ನಾಗಿ ಬೇಯಿಸದೆ ತಿಂದರೆ ವಿಷ. ಅವರೂ ಹಾಗೆಯೇ ರೂಬಾರ್ಬ್ ಕೊಡುವಾಗ ಎಚ್ಚರಿಸುತ್ತಾರೆ: ದಂಟು ಮಾತ್ರ, ಎಲೆ ಬೇಡ, ಅದು ವಿಷ. ಆ ಕೆಂಪು ದಂಟು ಹುಣಸೆಯ ಬದಲಿಗೆ ಗೊಜ್ಜಿಗೆ ಸೇರಿ, ಒಂದು ಬಟ್ಟಲು ಗೊಜ್ಜು ಬೇಲಿ ದಾಟಿ ವಾಪಸು ಹೋಗುತ್ತದೆ.

ಪರಿಚಯದವರಿಗೆ ಕೊಟ್ಟೂ ಮಿಕ್ಕರೆ? ಅಲಾಸ್ಕಾದ ಆಂಕರೇಜಿನಲ್ಲಿ ಪತ್ರಿಕೆಗೆ ತೋಟಗಾರಿಕೆಯ ಅಂಕಣ ಬರೆಯುವ ಜೆಫ್ ಲೋವೆನ್‌ಫೆಲ್ಸ್ ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಮಿಕ್ಕಿದ್ದನ್ನೇ ಏಕೆ ಕೊಡಬೇಕು, ಕೊಡಲೆಂದೇ ಒಂದು ಸಾಲು ಏಕೆ ನೆಡಬಾರದು? ಊರಿನ ಬೀನ್ಸ್ ಕೆಫೆ ಎಂಬ ದಾಸೋಹದ ಮನೆಗಾಗಿ ಒಂದು ಸಾಲು ತರಕಾರಿ ಬೆಳೆಯಿರಿ ಎಂದು ಓದುಗರನ್ನು ಕೇಳಿಕೊಂಡರು. 1995ರಲ್ಲಿ ತೋಟಗಾರಿಕೆ ಬರಹಗಾರರ ಸಂಘ ಅದನ್ನು ಇಡೀ ದೇಶದ ಆಂದೋಲನವಾಗಿಸಿತು. ಮರುವರ್ಷವೇ, 1996ರಲ್ಲಿ, ಒಳ್ಳೆಯ ಮನಸ್ಸಿನಿಂದ ಆಹಾರ ದಾನ ಮಾಡಿದವರನ್ನು ಕೋರ್ಟಿನ ತಾಪತ್ರಯದಿಂದ ಕಾಪಾಡುವ ಕಾನೂನು ಬಂತು. 2009ರಲ್ಲಿ ನ್ಯೂಜೆರ್ಸಿಯ ಗ್ಯಾರಿ ಓಪನ್‌ಹೈಮರ್, ಮನೆತೋಟದವರು ತಮ್ಮ ಹತ್ತಿರದ ಅನ್ನಭಂಡಾರವನ್ನು ಹುಡುಕಿಕೊಳ್ಳಲೆಂದು ಆಂಪಲ್ ಹಾರ್ವೆಸ್ಟ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಡಬ್ಬದ ಆಹಾರವೇ ಹೆಚ್ಚಾಗಿ ಬರುವ ಆ ಭಂಡಾರಗಳಿಗೆ ಬೆಳಿಗ್ಗೆ ಕೊಯ್ದ ತರಕಾರಿ ದೊಡ್ಡ ಕೊಡುಗೆ. ಕನ್ನಡ ಕೂಟಗಳು ಈ ಬಾಗಿಲನ್ನು ಇನ್ನಷ್ಟು ತಟ್ಟಬೇಕು.

ಇಂಗ್ಲೆಂಡಿನ ಕನ್ನಡಿಗರಿಗೆ ಹಿತ್ತಲು ಚಿಕ್ಕದಾದರೂ 1908ರ ಕಾಯಿದೆಯ ಬಲದಿಂದ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್ ಎಂಬ ತೋಟದ ಜಾಗ ಇದೆ; ಪೂರ್ಣ ತುಂಡೊಂದು ಸುಮಾರು 250 ಚದರ ಮೀಟರ್. ಅಲ್ಲಿ ಬೆಳೆದದ್ದು ಮುಖ್ಯವಾಗಿ ಮನೆಯ ಬಳಕೆಗೆ, ವ್ಯಾಪಾರಕ್ಕಲ್ಲ. ಹಾಗಾಗಿ ಹೆಚ್ಚಾದದ್ದು ಸಹಜವಾಗಿ ಪಕ್ಕದ ತುಂಡಿನವರ ಕೈಗೆ.

ಅಮೆರಿಕದಲ್ಲಿ ಕೊಡಬಾರದ ವಸ್ತುವೂ ಒಂದಿದೆ, ಅದು ಎಲ್ಲರೂ ಕೇಳುವ ಕರಿಬೇವಿನ ಸಸಿ. ತಾಯಿಗಿಡದ ಸುತ್ತ ಬೇರಿನಿಂದ ಮರಿಗಳೇಳುತ್ತವೆ, ಒಂದನ್ನು ಕುಂಡಕ್ಕೆ ಹಾಕಿ ಕೊಡಬೇಕೆಂದು ಕೈ ತವಕಿಸುತ್ತದೆ. ಆದರೆ ಕರಿಬೇವು ಕಿತ್ತಳೆ, ನಿಂಬೆಯ ಬಳಗದ ಗಿಡ. ಸಿಟ್ರಸ್ ಸಿಲ್ಲಿಡ್ ಎಂಬ ಪುಟ್ಟ ಕೀಟ ಅದರ ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಕಿತ್ತಳೆ ಮರಗಳನ್ನು ಕೊಲ್ಲುವ ಗ್ರೀನಿಂಗ್ ರೋಗವನ್ನು ಹರಡುವುದು ಅದೇ ಕೀಟ. ಫ್ಲಾರಿಡಾದಲ್ಲಿ 2005ರಲ್ಲಿ ಕಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಕ್ಯಾಲಿಫೋರ್ನಿಯಾದಲ್ಲಿ ಕೀಟ 2008ರಲ್ಲಿ, ರೋಗ 2012ರಲ್ಲಿ ಪತ್ತೆಯಾದವು. ನಿರ್ಬಂಧಿತ ಪ್ರದೇಶಗಳಿಂದ ಸಸಿ ಸಾಗಿಸುವುದು ಕಾನೂನಿಗೆ ವಿರುದ್ಧ. ಇನ್ನೊಬ್ಬರ ತೋಟದ ಮೇಲೆ ಪ್ರೀತಿ ಇದ್ದವರು ಈ ನಿಯಮವನ್ನು ಮುರಿಯಲಾರರು. ಅಲ್ಲಿನ ಮನೆಗಳಿಂದ ಸಸಿಯ ಬದಲು ಕರಿಬೇವಿನ ಚಟ್ನಿಪುಡಿ ಡಬ್ಬದಲ್ಲಿ ಹೋಗಲಿ.

ಅಕ್ಟೋಬರಿನ ಒಂದು ಸಂಜೆ ಫ್ರಾಸ್ಟ್ ಮುನ್ಸೂಚನೆ ಬರುತ್ತದೆ. ಟಾರ್ಚ್ ಹಿಡಿದು ಕಾಯಿ ಟೊಮೇಟೊಗಳನ್ನೆಲ್ಲ ಕೊಯ್ಯುತ್ತಾರೆ, ಕುಂಡಗಳನ್ನು ಗ್ಯಾರೇಜಿನೊಳಗೆ ಎಳೆಯುತ್ತಾರೆ. ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟಿದ್ದ ಹೀರೆ ಒಣಗಿ ಗಿಲಕಿಯಂತೆ ಸದ್ದುಮಾಡುತ್ತದೆ. ಬಸಳೆಯ ಕಪ್ಪು ಹಣ್ಣು ಬಿಡಿಸಿದ ಬೆರಳುಗಳ ನೇರಳೆ ಬಣ್ಣ ಎರಡು ದಿನ ಹೋಗುವುದಿಲ್ಲ. ನವೆಂಬರಿನ ರಾಜ್ಯೋತ್ಸವಕ್ಕೆ ಬರುವಾಗ ಆ ಬೀಜಗಳು ಪುಟ್ಟ ಲಕೋಟೆಗಳಲ್ಲಿರುತ್ತವೆ. ಮೇಲೆ ಹಿರಿಯರ ದುಂಡು ಅಕ್ಷರ: ಬಸಳೆ, ಹೀರೆ, ನಾಟಿ ಬೆಂಡೆ. ಹೊರಗೆ ನೆಲ ಗಟ್ಟಿಯಾಗಿದೆ. ಲಕೋಟೆ ಪಡೆದವರು ಅದನ್ನು ಮನೆಗೊಯ್ದು, ಫ್ರಿಜ್ಜಿನ ಬಾಗಿಲಿನಲ್ಲಿ, ಮಾರ್ಚ್‌ವರೆಗೆ ಇಟ್ಟುಕೊಳ್ಳುತ್ತಾರೆ.