ನದಿಯ ನ್ಯಾಸ

ನೀರನ್ನು ಸೋಸದೆ ಬಳಸಬಾರದೆಂಬುದು ಶ್ರಾವಕನ ಮನೆಯಲ್ಲಿ ಮಗು ಮೊದಲು ಕಲಿಯುವ ಪಾಠಗಳಲ್ಲಿ ಒಂದು. ದಪ್ಪ ಬಟ್ಟೆಯನ್ನು ಎರಡು ಪದರವಾಗಿ ಮಡಿಸಿ ನೀರನ್ನು ಸೋಸುತ್ತೇವೆ. ಆದರೆ ವಿಧಿ ಅಲ್ಲಿಗೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಆ ನೀರನ್ನು ಅದು ಬಂದ ಬಾವಿಗೆ ಅಥವಾ ಹೊಳೆಗೇ ಮರಳಿ ಬಿಡಬೇಕು. ಮೊದಲರ್ಧ ನಮ್ಮ ಶುದ್ಧಿಗಾಗಿ. ಎರಡನೆಯ ಅರ್ಧ ನೀರಿನ ಕ್ಷೇಮಕ್ಕಾಗಿ. ನಲ್ಲಿಗಳು ಬಂದ ಮೇಲೆ ಮೊದಲರ್ಧ ಉಳಿದಿದೆ, ಎರಡನೆಯದು ಬಹುಮಟ್ಟಿಗೆ ಮರೆತುಹೋಗಿದೆ. ನೀರು ಎಲ್ಲಿಂದ ಬಂತೆಂದು ಅರಿಯದವನು ಅದನ್ನು ಎಲ್ಲಿಗೆ ಮರಳಿಸಿಯಾನು?

ಈ ಪ್ರಶ್ನೆಯನ್ನು ಕಪಿಲೆಯ ತೀರದಲ್ಲಿ ನಿಂತು ಕೇಳಿಕೊಳ್ಳುವುದು ಉಚಿತ. ವಯನಾಡಿನಲ್ಲಿ ಹುಟ್ಟಿದ ಕಪಿಲೆ ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಮೈಸೂರು ನಗರವೂ ತನ್ನ ಕುಡಿಯುವ ನೀರಿನ ಒಂದು ಪಾಲನ್ನು ನಂಜನಗೂಡು ತಾಲ್ಲೂಕಿನ ಬಿದರಗೂಡಿನಲ್ಲಿ ಈ ನದಿಯಿಂದಲೇ ಪಡೆಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದಲ್ಲಿ 351 ಕಲುಷಿತ ನದೀಭಾಗಗಳನ್ನು ಗುರುತಿಸಿದಾಗ ಕರ್ನಾಟಕದ 17 ಭಾಗಗಳು ಆ ಪಟ್ಟಿಯಲ್ಲಿದ್ದವು. ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಪಿಲೆ ಅವುಗಳಲ್ಲಿ ಒಂದು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡು, ಪ್ರತಿಯೊಂದು ರಾಜ್ಯವೂ ನದಿಗಳನ್ನು ಸ್ವಚ್ಛಗೊಳಿಸುವ ಯೋಜನೆಯನ್ನು ಸಿದ್ಧಪಡಿಸಬೇಕೆಂದು ಆದೇಶಿಸಿತು.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯ ಬದಿಯಲ್ಲೇ ಮಂಡಕಳ್ಳಿಯ ವಿಮಾನನಿಲ್ದಾಣವಿದೆ. 2010ರಲ್ಲಿ ಪುನಃ ಬಳಕೆಗೆ ಬಂದ ಈ ನಿಲ್ದಾಣದ ಸುಮಾರು 1,740 ಮೀಟರ್ ಉದ್ದದ ಓಡುದಾರಿಯನ್ನು 2,750 ಮೀಟರಿಗೆ ವಿಸ್ತರಿಸುವ ಯೋಜನೆ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಚರ್ಚೆಯೆಲ್ಲ ಹೆಚ್ಚಾಗಿ ಭೂಮಿಯನ್ನು, ಹೆದ್ದಾರಿಯನ್ನು, ರೈಲುಮಾರ್ಗವನ್ನು ಕುರಿತದ್ದು. ನೀರಿನ ಮಾತು ಅಪರೂಪ.

ವಿಮಾನನಿಲ್ದಾಣಕ್ಕೂ ನೀರಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಮಳೆಯನ್ನು ಹೀರುತ್ತಿದ್ದ ನೆಲ ಕಾಂಕ್ರೀಟಿನಿಂದ ಮುಚ್ಚಿದಾಗ ನೀರು ಇಂಗದೆ ಹರಿಯುತ್ತದೆ; ಹರಿಯುವಾಗ ಇಂಧನದ ಹನಿಗಳನ್ನೂ ಎಣ್ಣೆಯನ್ನೂ ತೊಳೆದುಕೊಂಡು ತಗ್ಗಿನ ಕೆರೆಗೆ ಸೇರುತ್ತದೆ. ಬೆಂಕಿ ನಂದಿಸುವ ಕೆಲವು ಬಗೆಯ ನೊರೆಗಳಲ್ಲಿರುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ಸುಲಭವಾಗಿ ನಾಶವಾಗದೆ ಅಂತರ್ಜಲಕ್ಕೆ ಇಳಿಯುತ್ತವೆ. ಆಸ್ಟ್ರೇಲಿಯಾದ ವಿಲಿಯಂಟೌನ್, ಓಕಿ, ಕ್ಯಾಥರೀನ್ ಎಂಬ ಊರುಗಳಲ್ಲಿ ಸೇನೆಯ ವಿಮಾನನೆಲೆಗಳ ನೊರೆ ನೆಲವನ್ನೂ ನೀರನ್ನೂ ಸೇರಿತೆಂದು ನಿವಾಸಿಗಳು ನ್ಯಾಯಾಲಯಕ್ಕೆ ಹೋದರು; 2020ರಲ್ಲಿ 21.25 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ಪರಿಹಾರಕ್ಕೆ ಒಪ್ಪಂದವಾಯಿತು. ಮಂಡಕಳ್ಳಿಯ ಮೇಲೆ ಆರೋಪ ಹೊರಿಸಲು ಇದನ್ನು ಹೇಳುತ್ತಿಲ್ಲ. ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನು ತೋರಿಸಲು ಮಾತ್ರ. ಏಕೆಂದರೆ ನೀರಿನಲ್ಲಿ ಕರಗಿದ ಇಂಥ ವಸ್ತುವನ್ನು ನಮ್ಮ ಬಟ್ಟೆ ತಡೆಯಲಾರದು. ಕುದಿಸುವುದರಿಂದಲೂ ಅದು ಹೋಗದು. ವಿಹಾರದಲ್ಲಿರುವ ಮುನಿಗಳ ಕಮಂಡಲುವಿಗೆ ವಿಧಿವತ್ತಾಗಿ ಸೋಸಿ ಕಾಯಿಸಿದ ನೀರನ್ನು ತುಂಬಿದ ಶ್ರಾವಕನು ತಾನರಿಯದೆ ವಿಷವನ್ನು ತುಂಬಿರಬಹುದು. ನೀರಿನ ಶುದ್ಧಿ ಅಡಿಗೆಮನೆಯ ಹೊಸ್ತಿಲನ್ನು ದಾಟಿ ಊರಿನ ಮಧ್ಯಕ್ಕೆ ಬಂದಿದೆ.

ಕಾನೂನು ಇಲ್ಲಿ ಏನು ಹೇಳುತ್ತದೆ? ಮಾಲಿನ್ಯವಿಲ್ಲದ ನೀರು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. 1996ರಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಇನ್ನೂ ಆಳವಾದ ಮಾತೊಂದು ಬಂತು: ನದಿ, ಅರಣ್ಯ, ಗಾಳಿ ಇವು ಸರ್ಕಾರದ ಸ್ವತ್ತಲ್ಲ, ಸರ್ಕಾರ ಜನರ ಪರವಾಗಿ ಅವುಗಳ ಧರ್ಮದರ್ಶಿ ಮಾತ್ರ. ಬಸದಿಯ ಆಡಳಿತವನ್ನು ನಡೆಸುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ದೇವರ ದ್ರವ್ಯ ನಮ್ಮ ಕೈಯಲ್ಲಿರುತ್ತದೆ, ನಮ್ಮದಾಗಿರುವುದಿಲ್ಲ.

ನಮ್ಮ ಆಚಾರ್ಯರು ಇದೇ ಸಂಗತಿಗೆ ‘ನ್ಯಾಸ’ ಎಂಬ ಪದವನ್ನು ಬಳಸಿದ್ದಾರೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಒಂದು. ಒಬ್ಬನು ನಮ್ಮಲ್ಲಿ ಹಣವನ್ನು ಒಪ್ಪಿಸಿಟ್ಟು, ಕಾಲಾಂತರದಲ್ಲಿ ಎಷ್ಟೆಂಬುದನ್ನು ಮರೆತು ಕಡಿಮೆ ಕೇಳಿದನೆನ್ನಿ. ಆಗ ‘ಸರಿ, ಅಷ್ಟೇ’ ಎಂದು ಅಷ್ಟನ್ನೇ ಕೊಟ್ಟು ಉಳಿದುದನ್ನು ಇರಿಸಿಕೊಳ್ಳುವುದು ನ್ಯಾಸಾಪಹಾರ. ತತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಇದನ್ನು ಹೀಗೆಯೇ ಬಿಡಿಸಿದ್ದಾರೆ. ಅವರು ನಂಜನಗೂಡಿಗೆ ದೂರವಲ್ಲದ ಕನಕಗಿರಿಯಲ್ಲಿ ತಪಸ್ಸು ಮಾಡಿದರೆಂದು ಪರಂಪರೆ ಹೇಳುತ್ತದೆ. ಅವರನ್ನು ಗೌರವಿಸಿದರೆನ್ನುವ ಗಂಗರ ರಾಜಧಾನಿ ತಲಕಾಡು ಇಂದಿನ ನರಸೀಪುರ ತಾಲ್ಲೂಕಿನಲ್ಲಿಯೇ ಇದೆ. ಗಮನಿಸಬೇಕಾದುದೇನೆಂದರೆ, ಈ ದೋಷವನ್ನು ಅಚೌರ್ಯದ ಕೆಳಗೆ ಇಡದೆ ಸತ್ಯದ ಕೆಳಗೆ ಇಟ್ಟಿದ್ದಾರೆ. ಕೊಟ್ಟವನ ಅಜ್ಞಾನವನ್ನು ಬಲ್ಲವನು ತನ್ನ ಲಾಭಕ್ಕೆ ಬಳಸುವುದೇ ಇಲ್ಲಿನ ಪಾಪ.

ನದಿಗಿಂತ ಹೆಚ್ಚು ಮರೆಯುವ ನ್ಯಾಸದಾರರು ಯಾರು? ತನ್ನ ನೀರಿನಲ್ಲಿ ಏನಿತ್ತು, ಈಗ ಏನಿದೆ ಎಂದು ಅದು ಲೆಕ್ಕ ಕೇಳಲಾರದು. ಕೆಳಗಿನ ಊರಿನ ರೈತನಿಗೂ ಅದು ತಿಳಿಯದು. ತಿಳಿದಿರುವುದು ಯೋಜನೆಯನ್ನು ರೂಪಿಸುವವರಿಗೆ. ಆದುದರಿಂದಲೇ 1999ರಲ್ಲಿ ಹೈದರಾಬಾದಿನ ಹಿಮಾಯತ್ ಸಾಗರ, ಉಸ್ಮಾನ್ ಸಾಗರಗಳ ಬಳಿಯ ಕಾರ್ಖಾನೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಾನಿಯಿಲ್ಲವೆಂದು ತೋರಿಸುವ ಹೊಣೆ ಪರಿಸರವನ್ನು ಬದಲಿಸಹೊರಟವನದೇ ಎಂದು ಹೇಳಿತು.

ವಿಮಾನನಿಲ್ದಾಣದ ಮೊಕದ್ದಮೆಗಳೂ ಇದನ್ನೇ ಕಲಿಸುತ್ತವೆ. ಮಂಗಳೂರಿನ ಬಜ್ಪೆಯಲ್ಲಿ ಎರಡನೆಯ ಓಡುದಾರಿಯನ್ನು ವಿರೋಧಿಸಿದವರು 1997ರಿಂದ ನ್ಯಾಯಾಲಯಗಳ ಬಾಗಿಲು ತಟ್ಟಿದರು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತಾದರೂ, ನಿರ್ಮಾಣದಲ್ಲಿ ಎಲ್ಲ ಕಾನೂನುಗಳನ್ನೂ ಪರಿಸರದ ನಿಯಮಗಳನ್ನೂ ಪಾಲಿಸಬೇಕೆಂದಿತು. ಗೋವಾದ ಮೋಪಾ ಪ್ರಕರಣದಲ್ಲಿ ಅರ್ಜಿದಾರರಿಗೆ ಬೇರೆಯ ಫಲ ದೊರೆಯಿತು. ಸಮೀಪದ ಮೀಸಲು ಅರಣ್ಯಗಳನ್ನೂ ಸೂಕ್ಷ್ಮ ಪ್ರದೇಶಗಳನ್ನೂ ಅರ್ಜಿಯ ನಮೂನೆಯಲ್ಲಿ ತಿಳಿಸಿರಲಿಲ್ಲವೆಂಬ ಕಾರಣಕ್ಕೆ 2019ರ ಮಾರ್ಚ್ 29ರಂದು ನ್ಯಾಯಾಲಯ ಪರಿಸರ ಅನುಮತಿಯನ್ನು ಅಮಾನತ್ತಿನಲ್ಲಿಟ್ಟಿತು. ಅದೇ ನಮೂನೆ ಕೆರೆ, ತೊರೆ, ಜೌಗುಗಳ ಬಗೆಗೂ ಕೇಳುತ್ತದೆ. ಮರುಪರಿಶೀಲನೆಯ ಬಳಿಕ, 2020ರ ಜನವರಿಯಲ್ಲಿ ಹೆಚ್ಚಿನ ಷರತ್ತುಗಳೊಂದಿಗೆ ಅಮಾನತ್ತು ತೆರವಾಯಿತು. 2023ರ ಜನವರಿಯಿಂದ ಅಲ್ಲಿ ವಿಮಾನಗಳು ಹಾರಾಡುತ್ತಿವೆ. ನಿಲ್ದಾಣ ಬೇಡವೆಂಬುದಲ್ಲ, ಸತ್ಯವನ್ನು ಮೊದಲು ಮುಂದಿಟ್ಟು ಆಮೇಲೆ ನಿರ್ಧರಿಸಿ ಎಂಬುದೇ ಆ ತೀರ್ಪಿನ ಸಾರ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ವಿಮಾನ ಹತ್ತುವವರಲ್ಲಿ ನಾವೂ ಇದ್ದೇವೆ. ನಮ್ಮ ವ್ಯಾಪಾರ, ದೂರದ ಬಂಧುಗಳ ತೀರ್ಥಯಾತ್ರೆ, ರೋಗಿಯ ತುರ್ತು ಪ್ರಯಾಣ ಇವೆಲ್ಲ ಅದರಿಂದ ಸುಗಮವಾಗುತ್ತವೆ. ಬಸದಿಗಳ ಜೀರ್ಣೋದ್ಧಾರಕ್ಕೆ ನೆರವಾಗುವ ದಾನಿಗಳು ಉದ್ಯಮಿಗಳೇ. ಹೀಗಿರುವಾಗ ನೀರಿನ ಪ್ರಶ್ನೆಯನ್ನು ಎತ್ತುವುದು ಕಪಟವಾಗದೆ? ಆಗದು ಎಂದೇ ನನ್ನ ನಂಬಿಕೆ. ಗೃಹಸ್ಥನಿಗೆ ಉದ್ಯೋಗದ ಹಿಂಸೆಯನ್ನು ಪೂರ್ತಿ ಬಿಡಲಾಗದೆಂದು ಶಾಸ್ತ್ರ ಒಪ್ಪಿದೆ. ಆದರೆ ತಗ್ಗಿಸಬಹುದಾದುದನ್ನು ತಗ್ಗಿಸದಿರಲು ಅದು ಅನುಮತಿ ಕೊಟ್ಟಿಲ್ಲ. ಅನೇಕಾಂತವೆಂದರೆ ಎರಡೂ ಕಡೆಯವರಿಗೆ ತಲೆದೂಗಿ ಸುಮ್ಮನಾಗುವುದೂ ಅಲ್ಲ. ಪ್ರಯಾಣಿಕನ ದೃಷ್ಟಿಯೊಡನೆ ಕೆರೆಯ ಕೆಳಗಿನ ರೈತನ ದೃಷ್ಟಿಯನ್ನೂ, ಮಾತಿಲ್ಲದ ಜಲಕಾಯ ಜೀವಗಳ ದೃಷ್ಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಪ್ರಯೋಜನ ಪಡೆಯುವವನೇ ಮೊದಲು ಕೇಳಬೇಕು, ಋಣ ಅವನದು.

ಟ್ರಸ್ಟುಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸಾರ್ವಜನಿಕ ಅಹವಾಲು ನಡೆದರೆ ಒಬ್ಬರನ್ನಾದರೂ ಕಳುಹಿಸುವುದು. ಮಳೆನೀರು ಯಾವ ಕೆರೆಗೆ ಹರಿಯುತ್ತದೆ, ಎಣ್ಣೆಯನ್ನು ಬೇರ್ಪಡಿಸುವ ವ್ಯವಸ್ಥೆಯಿದೆಯೆ, ಯಾವ ನೊರೆಯನ್ನು ಬಳಸುತ್ತಾರೆ ಎಂದು ಬರಹದಲ್ಲಿ ಕೇಳುವುದು. ಕೆಲಸ ಆರಂಭವಾಗುವ ಮೊದಲೇ ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ ದಾಖಲೆಯನ್ನು ಇಡುವುದು. ಒಪ್ಪಿಸಿಟ್ಟದ್ದೆಷ್ಟು ಎಂಬ ದಾಖಲೆ ಇರುವಲ್ಲಿ ನ್ಯಾಸಾಪಹಾರ ಸುಲಭವಲ್ಲ. ಅನುಮತಿಯಲ್ಲಿ ದೋಷ ಕಂಡರೆ ಹಸಿರು ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಅವಧಿಯಿದೆ. ತಕ್ಕ ಕಾರಣವಿದ್ದರೆ ಇನ್ನೂ 60 ದಿನಗಳು. ಅದಾದ ಮೇಲೆ ಎಷ್ಟು ಮರುಗಿದರೂ ಆ ಬಾಗಿಲು ತೆರೆಯದು.

ನೀರನ್ನು ಸೋಸುವ ವ್ರತವನ್ನು ನಾವು ಬಿಟ್ಟಿಲ್ಲ, ಬಿಡುವುದೂ ಬೇಡ. ಮರೆತ ಎರಡನೆಯ ಅರ್ಧವನ್ನು ನೆನಪಿಗೆ ತಂದುಕೊಳ್ಳೋಣ. ತಂದಲ್ಲಿಗೆ ಜೀವವನ್ನು ಮರಳಿಸುವುದೆಂದರೆ, ಇಂದು ಆ ಜೀವ ಬದುಕಬಲ್ಲ ನೀರು ಅಲ್ಲಿ ಇರುವಂತೆ ನೋಡಿಕೊಳ್ಳುವುದು ಎಂದೇ ಅರ್ಥ.