ಕೋಟೆ ಬಾಗಿಲು ಹಾಕಿದ ಹೊತ್ತು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈ ಗಾದೆ ಕೇಳಿದವರು ಕಾವಲುಗಾರನ ದಡ್ಡತನಕ್ಕೆ ನಗುತ್ತಾರೆ. ನನಗೇಕೋ ಅವನು ದಡ್ಡನೆನಿಸುವುದಿಲ್ಲ. ಬೆಳಿಗ್ಗೆ ದೊರೆ ಬಂದು ನೋಡಿದಾಗ ಅಗಳಿ ಭದ್ರವಾಗಿರಬೇಕು, ಅಷ್ಟೆ. ತಡವಾಗಿ ಹಾಕಿದ ಬಾಗಿಲಿನಿಂದ ಊರಿಗೆ ಏನೂ ಇಲ್ಲ. ಅವನ ನೌಕರಿ ಮಾತ್ರ ಉಳಿಯುತ್ತದೆ.

ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಮೈಸೂರು ದಸರೆಯ ಕುಶಾಲತೋಪು ನೋಡಿ. ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು 7 ಫಿರಂಗಿಗಳಿಂದ 3 ಸುತ್ತು, ಒಟ್ಟು 21 ತೋಪು ಹಾರಿಸುತ್ತಾರೆ, ಅದೂ ರಾಷ್ಟ್ರಗೀತೆಯ ಹೊತ್ತಿನಲ್ಲಿ. ನಳಿಗೆಯೊಳಗೆ ಒಂದು ಕಿಡಿ ಉಳಿದರೂ ಮುಂದಿನ ಮದ್ದು ತುಂಬುವವನ ಕೈಯಲ್ಲೇ ಸಿಡಿದೀತು; ಅದಕ್ಕೇ ಪ್ರತಿ ಸಲ ಒಳಗೆ ಒದ್ದೆ ಮಾಡಿ ಒರೆಸುವುದು. ಹಬ್ಬಕ್ಕೆ ಮುಂಚೆಯೇ ತಾಲೀಮು ಶುರು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಬಂದ ಆನೆಗಳನ್ನು ಸದ್ದಿಗೆ ಒಗ್ಗಿಸುತ್ತಾರೆ. ಬೆದರುವವಕ್ಕೆ ಕಾಲಿಗೆ ಸರಪಳಿ.

ಆ ಸದ್ದಿಗೆ ಒಗ್ಗಿದ ಹಿರಿಯ ಆನೆಗಳಲ್ಲಿ ಒಬ್ಬ ಅರ್ಜುನ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು, ಅದೇ ಕಾಡಿನ ಬಳ್ಳೆ ಶಿಬಿರದವನು, 2012ರಿಂದ 2019ರವರೆಗೆ 8 ದಸರೆಗಳಲ್ಲಿ ಅಂಬಾರಿ ಹೊತ್ತವನು. 60 ದಾಟಿತೆಂದು 2020ರಲ್ಲಿ ಅಂಬಾರಿ ತಪ್ಪಿಸಿದರು. ಅಂಬಾರಿಗೆ ಆಗದ ವಯಸ್ಸು ಕಾಡಾನೆಯ ಎದುರು ನಿಲ್ಲಲು ಆದೀತೆಂದು ಲೆಕ್ಕ ಹಾಕಿದವರು ಯಾರೋ! 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ, ಅರಣ್ಯ ಇಲಾಖೆಯ ಕಾರ್ಯಾಚರಣೆಯಲ್ಲಿ, ಕಾಡಾನೆಯ ತಿವಿತಕ್ಕೆ ಅವನು ಸತ್ತ. ಸಿಬ್ಬಂದಿ ಹಾರಿಸಿದ ಗುಂಡು ಅವನ ಕಾಲಿಗೇ ತಗುಲಿತೆಂಬ ಆರೋಪ ಎದ್ದಿತು, ಅಧಿಕಾರಿಗಳು ಅಲ್ಲಗಳೆದರು. ಆಮೇಲೆ ಸರ್ಕಾರಿ ಗೌರವ, ತನಿಖೆಯ ಮಾತು, ಸ್ಮಾರಕದ ಘೋಷಣೆ. ಬಾಗಿಲು ಬಲು ಚೆನ್ನಾಗಿಯೇ ಹಾಕಿತು.

ಅರಮನೆಯ ಮುಂದೆ ಮುಖ್ಯಮಂತ್ರಿ ಇರುತ್ತಾರೆ, ಲಕ್ಷಾಂತರ ಜನ ಇರುತ್ತಾರೆ. ಯಸಳೂರಿನ ಕಾಫಿ ತೋಟದ ಅಂಚಿನಲ್ಲಿ ನೋಡುವವರಿಲ್ಲ. ನಮ್ಮಲ್ಲಿ ಮುನ್ನೆಚ್ಚರಿಕೆ ನೋಡುವ ಕಣ್ಣುಗಳನ್ನು ಹಿಂಬಾಲಿಸುತ್ತದೆಯೇ ಹೊರತು ಅಪಾಯವನ್ನಲ್ಲ ಎಂಬುದು ನನ್ನ ದೂರು.

ಪೊಲೀಸ್ ಠಾಣೆಗಳ ‘ತೆರೆದ ಮನೆ’ ಕಾರ್ಯಕ್ರಮವೂ ಈ ಕಾರಣಕ್ಕೇ ನೆನಪಾಗುತ್ತದೆ. ಶಾಲೆಯ ಮಕ್ಕಳನ್ನು ಕರೆಸಿ ಠಾಣೆಯ ಕೆಲಸ ವಿವರಿಸುತ್ತಾರೆ, ಬಂದೂಕುಗಳನ್ನೂ ತೋರಿಸುತ್ತಾರೆ. ಒಳ್ಳೆಯದೇ, ಖಾಕಿ ಕಂಡರೆ ಅಡಗುವ ಮಕ್ಕಳಿಗೆ ಭಯ ಬಿಡುತ್ತದೆ. ಆದರೆ ಅಲ್ಲಿ ತಾಲೀಮೂ ಇಲ್ಲ, ಗಣ್ಯರೂ ಇಲ್ಲ. ತೋರಿಸುವ ಬಂದೂಕಿನಿಂದ ಗುಂಡು ಹಾರಿ ಅನಾಹುತವಾದರೆ ಒಬ್ಬ ಪೇದೆ ಅಮಾನತು, ಪರಿಹಾರ ಖಜಾನೆಯಿಂದ, ಅಂದರೆ ಮಗುವಿನ ಅಪ್ಪ ಕಟ್ಟಿದ ತೆರಿಗೆಯಿಂದಲೇ. ಮ್ಯಾಗಜೀನ್ ಕಳಚಿದ್ದು, ಒಳಗೆ ಗುಂಡಿಲ್ಲವೆಂದು ಇಬ್ಬರು ನೋಡಿದ್ದು, ನೋಡಿದ ಅಧಿಕಾರಿಯ ಹೆಸರು ಮತ್ತು ಗಂಟೆ, ಇಷ್ಟು ಮಕ್ಕಳು ಒಳಬರುವ ಮೊದಲೇ ಠಾಣೆಯ ಪುಸ್ತಕದಲ್ಲಿ ಸೇರಿರಬೇಕು. ಹುಣಸೂರಿನಲ್ಲಾಗಲಿ ಎಚ್.ಡಿ. ಕೋಟೆಯಲ್ಲಾಗಲಿ, ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರು ಆ ಪುಟ ತೋರಿಸಿ ಎಂದು ಕೇಳಿದರೆ ಪೊಲೀಸರು ಬೇಸರಪಡಬಾರದು.